ಬೆಳಗಿನ ಕರಕರ

ಟೈಮಿಂಗ್ ಚೈನ್ ಹೇಳದೆ ಕೇಳದೆ ಕೈಕೊಡುವುದು ಅಪರೂಪ. ತಿಂಗಳುಗಟ್ಟಲೆ ಮೊದಲೇ ಅದು ಸುಳಿವು ಕೊಡುತ್ತಿರುತ್ತದೆ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಪಕ್ಕದಿಂದ ಎರಡು ಮೂರು ಸೆಕೆಂಡು ಕರಕರ ಎಂಬ ಸದ್ದು ಬರುತ್ತದೆ, ಆಮೇಲೆ ತಾನಾಗಿ ನಿಲ್ಲುತ್ತದೆ. ತಾನಾಗಿ ನಿಲ್ಲುತ್ತದಲ್ಲ, ಎಡವಟ್ಟಾಗುವುದು ಅಲ್ಲೇ. ಆಯಿಲ್ ಮೇಲೇರಿತು, ಇನ್ನೇನು ಚಿಂತೆಯಿಲ್ಲ ಎಂದುಕೊಂಡು ಮಾಲೀಕ ಗೇರ್ ಹಾಕಿ ಹೊರಡುತ್ತಾನೆ. ಮಲ್ಲಾಪುರದ ನನ್ನ ಗೆಳೆಯನೊಬ್ಬ ಇಡೀ ಬೇಸಿಗೆ ಆ ಸದ್ದನ್ನು ಕೇಳಿಸಿಕೊಂಡೇ ಓಡಾಡಿದ. ಮಳೆ ಕಡಿಮೆಯಾಗುವ ಹೊತ್ತಿಗೆ ಕಾರು ನಿಂತಿತು.

ಮಲ್ಲಾಪುರವೆಂದರೆ ಕೈಗಾ ಅಣು ವಿದ್ಯುತ್ ಸ್ಥಾವರದ ಟೌನ್‌ಶಿಪ್ ಇರುವ ಊರು, ಕಾರವಾರ ತಾಲ್ಲೂಕಿನ ಒಳಭಾಗದಲ್ಲಿ, ಕಾಳಿ ನದಿಯ ಬಗಲಿಗೆ. ಗೆಳೆಯ ಮೂಲತಃ ಅಂಕೋಲೆಯ ಕಡೆಯವನು, ಕೆಲಸ ಯಂತ್ರಗಳ ನಿರ್ವಹಣೆಯದು. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡಾಗಿ ತಂದ ಟರ್ಬೊ ಪೆಟ್ರೋಲ್ ಸೆಡಾನ್ ಅವನದು. ಯಾವ ಕಂಪನಿಯದೆಂದು ಬರೆಯುವುದಿಲ್ಲ. ಇಂಥ ಕಾಯಿಲೆ ಒಂದೇ ಕಂಪನಿಯ ಮನೆತನದ್ದಲ್ಲ. 2004ರಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಬಂದಾಗಿನಿಂದ ನಮ್ಮಲ್ಲಿ ಟರ್ಬೊ ಪೆಟ್ರೋಲ್ ಸೆಡಾನ್‌ಗಳ ಹುಚ್ಚು ಹತ್ತಿದವರು ಕಡಿಮೆಯೇನಿಲ್ಲ. ಹೊಸದಾಗಿ ಕೊಳ್ಳಲಾಗದವರು ಹತ್ತು ವರ್ಷ ಕಾದು ಸಣ್ಣ ಹೊಸ ಕಾರಿನ ಬೆಲೆಗೆ ಅವನ್ನೇ ಕೊಳ್ಳುತ್ತಾರೆ. ಕೊಳ್ಳುವ ಬೆಲೆ ಹತ್ತು ವರ್ಷದಲ್ಲಿ ಇಳಿದಿರುತ್ತದೆ, ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ.

ನಿಂತದ್ದು ಎಲ್ಲಿ ಎಂಬುದರಲ್ಲೇ ಅರ್ಧ ಕಾರಣವಿದೆ. ಕೈಗಾದಿಂದ ಬಾರೆ ಮಾರ್ಗವಾಗಿ ಯಲ್ಲಾಪುರಕ್ಕೆ ಹೋಗುವ ರಸ್ತೆ ಪೂರ್ತಿ ಏರು. ಅಲ್ಲಿ ಚಹಾಕ್ಕೆಂದು ಇಳಿಜಾರಿನಲ್ಲಿ ಕಾರು ನಿಲ್ಲಿಸಿದವನು ಗೇರ್‌ನಲ್ಲಿಟ್ಟು ಇಳಿದ, ಹ್ಯಾಂಡ್‌ಬ್ರೇಕ್ ಎಳೆಯಲಿಲ್ಲ. ಘಟ್ಟದ ಮೇಲೆ ನಮ್ಮ ಕಡೆಯವರು ಅರ್ಧ ಜನ ಹಾಗೆಯೇ ನಿಲ್ಲಿಸುವುದು. ಕಾರಿನ ಭಾರವೆಲ್ಲ ಗೇರ್ ಮೂಲಕ ಎಂಜಿನ್ ಮೇಲೆ ಬಿದ್ದು ಕ್ರ್ಯಾಂಕ್ ಕೂದಲೆಳೆಯಷ್ಟು ಹಿಮ್ಮುಖವಾಗಿ ತಿರುಗುತ್ತದೆ. ಚೈನನ್ನು ಬಿಗಿಹಿಡಿಯುವ ಟೆನ್ಷನರ್ ಗಟ್ಟಿಯಿದ್ದರೆ ಅದೇನೂ ದೊಡ್ಡದಲ್ಲ. ಸವೆದಿದ್ದರೆ ಅದು ಹಿಂದೆ ಸರಿದು ಚೈನ್ ಸಡಿಲಬಿಡುತ್ತದೆ. ಚಹಾ ಕುಡಿದು ಬಂದು ಸೆಲ್ಫ್ ಹೊಡೆದ ಗಳಿಗೆಯಲ್ಲಿ ಆ ಸಡಿಲು ಒಂದೆಡೆ ಸೇರಿ ಚೈನ್ ಹಲ್ಲು ಬಿಟ್ಟು ಹಾರಿತು. ಎಂಜಿನ್ ತಿರುಗಿತು, ಹೊತ್ತಿಕೊಳ್ಳಲಿಲ್ಲ. ಮಲ್ಲಾಪುರದ ಹಳೆಯ ಮೆಕ್ಯಾನಿಕ್ ಒಬ್ಬರು ಫೋನಿನಲ್ಲೇ ಹೇಳಿದರು: “ತಮಾ, ಇನ್ನೊಂದ್ ಸಲ ಸೆಲ್ಫ್ ಹೊಡಿಬೇಡ. ಇದ್ದದ್ದೂ ಹೋಗ್ತದೆ.” ಆ ಒಂದು ಮಾತು ಉಳಿಸಿದ್ದು ಎಷ್ಟೆಂದು ಆಮೇಲೆ ಗೊತ್ತಾಯಿತು.

ಏಕೆ ಹೊಡೆಯಬಾರದು? ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಕೆಳಗಿನ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಹಾಕುವಾಗ ಮೇಲಿನ ಕ್ಯಾಮ್‌ಶಾಫ್ಟ್ ಒಂದು ಸುತ್ತು ಹಾಕಬೇಕು. ಎರಡನ್ನೂ ಜೋಡಿಸಿ ಈ ತಾಳ ಕಾಯುವುದೇ ಟೈಮಿಂಗ್ ಚೈನ್. ಕ್ಯಾಮ್ ವಾಲ್ವ್‌ಗಳನ್ನು ತೆರೆಯುತ್ತದೆ, ಸ್ಪ್ರಿಂಗ್ ಮುಚ್ಚುತ್ತದೆ. ನಿಮಿಷಕ್ಕೆ 6,000 ಸುತ್ತಿನಲ್ಲಿ ಪ್ರತಿ ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಶಕ್ತಿ ಹೆಚ್ಚಿಸಬೇಕೆಂದು ಕಟ್ಟಿದ ಈ ಎಂಜಿನ್‌ಗಳಲ್ಲಿ ಪಿಸ್ಟನ್ನಿಗೂ ತೆರೆದ ವಾಲ್ವಿಗೂ ಇರುವ ಜಾಗ ಒಂದೇ, ಬರುವ ಹೊತ್ತು ಮಾತ್ರ ಬೇರೆ. ಹೊತ್ತು ತಪ್ಪಿದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಡಿಕ್ಕಿಯಲ್ಲಿ ಮಣಿಯುವುದು ವಾಲ್ವ್. ಹೆದ್ದಾರಿಯ ವೇಗದಲ್ಲಿ ಚೈನ್ ಹಾರಿದರೆ ಹೆಡ್ಡು, ಪಿಸ್ಟನ್ನು ಎಲ್ಲ ಹೋಗುತ್ತದೆ. ಸ್ಟಾರ್ಟಿಂಗ್ ಹೊತ್ತಿನ ನಿಧಾನದಲ್ಲಿ ಹಾರಿದರೆ ಉಳಿಯುವ ಸಾಧ್ಯತೆ ಇದೆ, ಸೆಲ್ಫ್ ಹೊಡೆಯುತ್ತಲೇ ಇರದಿದ್ದರೆ.

ಚೈನ್ ಎಂದರೆ ಬೆಲ್ಟ್‌ನಂತಲ್ಲ, ಎಂಜಿನ್ ಇರುವತನಕ ಇರುತ್ತದೆ ಎಂದು ಕಾರು ಮಾರುವವರು ಹೇಳುತ್ತಾರೆ. ಈ ಮಾತಿಗೆ ಹಿನ್ನೆಲೆಯಿದೆ. ಇಂದಿನ ರೋಲರ್ ಚೈನಿಗೆ ಮೂಲವಾದ ವಿನ್ಯಾಸವನ್ನು ಹಾನ್ಸ್ ರೆನಾಲ್ಡ್ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೂಪಿಸಿದ್ದು 1880ರಲ್ಲಿ. ನಮ್ಮ ಅಂಬಾಸಿಡರಿನಲ್ಲೂ ಪ್ರೀಮಿಯರ್ ಪದ್ಮಿನಿಯಲ್ಲೂ ಇದ್ದದ್ದು ಚೈನೇ. ಗಿಡ್ಡ, ದಪ್ಪ ಚೈನು. ಕ್ಯಾಮ್ ಕೆಳಗೆ ಕ್ರ್ಯಾಂಕಿನ ಪಕ್ಕದಲ್ಲೇ ಇರುತ್ತಿತ್ತು, ದೂರ ಓಡುವ ಕೆಲಸವಿರಲಿಲ್ಲ. 1962ರಲ್ಲಿ ಜರ್ಮನಿಯ ಗ್ಲಾಸ್ ಎಂಬ ಸಣ್ಣ ಕಂಪನಿ ತನ್ನ 1004 ಕಾರಿನಲ್ಲಿ ರಬ್ಬರಿನ ಹಲ್ಲು ಬೆಲ್ಟ್ ತಂದಿತು. ಅಗ್ಗ, ಸದ್ದಿಲ್ಲ. ಮುಂದಿನ ದಶಕಗಳಲ್ಲಿ ಬೆಲ್ಟೇ ಬೆಲ್ಟು. ಮಾರುತಿ 800ರಲ್ಲೂ ಅದೇ. ಬೆಲ್ಟ್ ಹಳತಾದರೆ ಹರಿಯುತ್ತದೆ ಎಂಬ ದೂರು ಹೆಚ್ಚಾದಾಗ ಹಲವು ತಯಾರಕರು ಮತ್ತೆ ಚೈನಿಗೆ ಮರಳಿದರು. ಆದರೆ ಈ ಸಲದ ಚೈನ್ ಹಳೆಯದಲ್ಲ. ಕ್ಯಾಮ್‌ಗಳು ಹೆಡ್ಡಿನ ಮೇಲೆ ಹೋಗಿದ್ದವು, ಚೈನ್ ಉದ್ದವಾಯಿತು. ಘರ್ಷಣೆ ತಗ್ಗಿಸಲು ತೆಳುವಾಯಿತು. ಓಡಲು ಪ್ಲಾಸ್ಟಿಕ್ ಗೈಡುಗಳು ಬಂದವು. ಬಿಗಿ ಹಿಡಿಯಲು ಆಯಿಲ್ ಒತ್ತಡದ ಟೆನ್ಷನರ್ ಬಂತು. ಅಂಬಾಸಿಡರಿನ ಕಾಲದ ನಂಬಿಕೆಯನ್ನು ಇದಕ್ಕೂ ಹಚ್ಚಿದರು.

ಚೈನ್ ಹಿಗ್ಗಿತು ಎನ್ನುತ್ತೇವೆ, ನಿಜವಾಗಿ ಕಬ್ಬಿಣ ಹಿಗ್ಗುವುದಿಲ್ಲ. ಕೊಂಡಿ ಕೊಂಡಿಯ ನಡುವಿನ ಪಿನ್ನು ಸವೆಯುತ್ತದೆ. 150 ಕೊಂಡಿಯ ಚೈನಿನಲ್ಲಿ ಪ್ರತಿ ಕೀಲಿಗೆ ಮಿಲಿಮೀಟರಿನ ನೂರನೇ ಎರಡು ಪಾಲು ಸವೆದರೆ ಒಟ್ಟು ಉದ್ದ 3 ಮಿ.ಮೀ. ಹೆಚ್ಚುತ್ತದೆ. ಅಷ್ಟಕ್ಕೇ ಕ್ಯಾಮ್ ಹಿಂದೆ ಬೀಳುತ್ತದೆ, ಸೆನ್ಸರ್‌ಗಳು ಕ್ರ್ಯಾಂಕಿಗೂ ಕ್ಯಾಮಿಗೂ ತಾಳ ತಪ್ಪಿದ್ದನ್ನು ಹಿಡಿಯುತ್ತವೆ, ಸ್ಕ್ಯಾನರಿನಲ್ಲಿ ಪಿ0016 ಎಂಬ ಕೋಡ್ ಬರುತ್ತದೆ. ಗೆಳೆಯನ ಕಾರಿನಲ್ಲಿ ಈ ಕೋಡ್ ಮೊದಲೇ ಬಂದಿತ್ತು. ಯಾರೋ ಅಳಿಸಿ ಕೊಟ್ಟಿದ್ದರು.

ಸವೆತಕ್ಕೆ ಮುಖ್ಯ ಕಾರಣ ಆಯಿಲ್. ಸಿಲಿಂಡರಿನೊಳಕ್ಕೆ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಟರ್ಬೊ ಎಂಜಿನ್‌ಗಳಲ್ಲಿ ಮಸಿ ಹೆಚ್ಚು, ಅದು ಆಯಿಲಿಗೆ ಇಳಿಯುತ್ತದೆ. ಒಂದಿಷ್ಟು ಪೆಟ್ರೋಲೂ ಸೇರಿ ಆಯಿಲನ್ನು ತೆಳುಮಾಡುತ್ತದೆ. ಮಸಿಯ ಕಣಗಳು ಪಿನ್ನುಗಳ ನಡುವೆ ಉಜ್ಜುಪುಡಿಯ ಕೆಲಸ ಮಾಡುತ್ತವೆ. ಇದು ಎಷ್ಟು ದೊಡ್ಡ ತಲೆನೋವಾಯಿತೆಂದರೆ, 2020ರ ಮೇ ತಿಂಗಳಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯ ಎಂಜಿನ್ ಆಯಿಲಿಗೆ ಟೈಮಿಂಗ್ ಚೈನ್ ಸವೆತದ ಪರೀಕ್ಷೆಯನ್ನೇ ಸೇರಿಸಿದರು. ಡಬ್ಬಿಯ ಹಿಂದೆ ಎಸ್‌ಪಿ ಎಂದಿದೆಯೇ ನೋಡಿ ಕೊಳ್ಳುವವರು ನಮ್ಮಲ್ಲಿ ಎಷ್ಟು ಮಂದಿ? ಗಟ್ಟಿಯಾಗಿದೆ, ತೆಳುವಾಗಿದೆ ಎಂದು ಬೆರಳಿನಲ್ಲಿ ಉಜ್ಜಿ ನೋಡುವ ಶಾಸ್ತ್ರವೇ ಇನ್ನೂ ನಡೆದಿದೆ.

ಈ ವಿಷಯದಲ್ಲಿ ಜಗತ್ತಿನಾದ್ಯಂತ ಹೆಸರಾದದ್ದು ಫೋಕ್ಸ್‌ವ್ಯಾಗನ್ ಬಳಗದ ಇಎ888 ಎಂಜಿನ್. ನಮ್ಮಲ್ಲಿ ಲೌರಾ, ಸೂಪರ್ಬ್‌ಗಳ 1.8 ಲೀಟರ್ ಟಿಎಸ್‌ಐ ಇದೇ ಕುಲದ್ದು. ಅದರ ಮೊದಲ ಪೀಳಿಗೆಗಳ ಟೆನ್ಷನರಿನ ಲಾಕ್ ಸೋತು ಚೈನ್ ಹಾರಿದ ಪ್ರಕರಣಗಳು ಅಮೆರಿಕದ ನ್ಯೂಜೆರ್ಸಿಯ ಫೆಡರಲ್ ಕೋರ್ಟಿಗೆ ಹೋದವು. 2018ರಲ್ಲಿ ರಾಜಿಯಾಗಿ, ಚೈನ್ ವ್ಯವಸ್ಥೆಗೆ 10 ವರ್ಷ ಅಥವಾ 1 ಲಕ್ಷ ಮೈಲಿಯ ವಾರಂಟಿ ವಿಸ್ತರಿಸಿದರು. ಆ ಹೊತ್ತಿಗೆ ಕಂಪನಿ ಟೆನ್ಷನರನ್ನು ಬದಲಿಸಿ ಹೊಸದನ್ನು ತಂದಾಗಿತ್ತು. ಬಿಎಂಡಬ್ಲ್ಯು ತನ್ನ ಎನ್47 ಡೀಸೆಲ್ ಎಂಜಿನ್ನಿನಲ್ಲಿ ಚೈನನ್ನು ಗೇರ್‌ಬಾಕ್ಸ್ ಕಡೆಗೆ, ಹಿಂಬದಿಗೆ ಇಟ್ಟಿತ್ತು. ಅದನ್ನು ಮುಟ್ಟಬೇಕೆಂದರೆ ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಕೆಳಗಿಳಿಸಬೇಕು. ಅಂಥದ್ದು ಮನೆಯಂಗಳದ ಕೆಲಸವಲ್ಲ, ಯಾರೇ ಹುರಿದುಂಬಿಸಿದರೂ ಕೈಹಾಕಬಾರದು.

ಗೆಳೆಯನದು ಮುಂದುಗಡೆ ಚೈನ್ ಇರುವ ಎಂಜಿನ್. ಆದರೂ ತಾನೇ ಮಾಡುತ್ತೇನೆಂದು ಹೊರಟಿದ್ದು ಹುಮ್ಮಸ್ಸಿನಿಂದಲ್ಲ, ಲೆಕ್ಕ ಹಾಕಿ. ಕೈಗಾದಿಂದ ಕಾರವಾರವೇ 50 ಕಿ.ಮೀ.ಗೂ ಹೆಚ್ಚು. ಇಂಥ ಕಾರನ್ನು ಮುಟ್ಟುವ ಕಂಪನಿ ವರ್ಕ್‌ಶಾಪ್ ಬೇಕೆಂದರೆ ಘಟ್ಟ ಹತ್ತಿ ಹುಬ್ಬಳ್ಳಿಗೆ ಇಲ್ಲವೆ ಗಡಿ ದಾಟಿ ಗೋವಾಕ್ಕೆ. ಟೋಚನ್ ಹಾಕಿ ಅರೆಬೈಲ್ ಘಟ್ಟ ಹತ್ತಿಸುವ ಮಾತು ಬಿಡಿ, ಲಾರಿಯ ಮೇಲೆ ಹೇರಿಸಿಕೊಂಡೇ ಹೋಗಬೇಕು. ಅಲ್ಲಿಂದ ಬಂದ ಅಂದಾಜು ಕಾರಿನ ಈಗಿನ ಬೆಲೆಯ ಅರ್ಧಕ್ಕೆ ಸಮೀಪವಿತ್ತು. ನಮ್ಮ ರಸ್ತೆಗಳ ಭರವಸೆಯೂ ಅಷ್ಟಕ್ಕಷ್ಟೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತು. ಅದಾದ ಮರುತಿಂಗಳೇ ಕಾರವಾರದ ಕಾಳಿ ಹಳೆಸೇತುವೆ ಬಿತ್ತು. ದೂರದ ವರ್ಕ್‌ಶಾಪಿನಲ್ಲಿ ಕಾರು ಬಿಟ್ಟುಬಂದು ತಿಂಗಳಾನುಗಟ್ಟಲೆ ಫೋನ್ ಮಾಡುತ್ತ ಕೂರುವ ಅನುಭವ ಈ ಕಡೆಯ ಹಲವರಿಗಿದೆ.

ಕೆಲಸ ಶುರುವಾಗುವ ಮೊದಲು ಅವನು ಕಾಗದದ ಮೇಲೆ ಎಲ್ಲ ಬರೆದುಕೊಂಡ. ಯಾವ ಬೋಲ್ಟ್ ಎಲ್ಲಿಯದು, ಉದ್ದ ಎಷ್ಟು, ಯಾವುದು ಒಂದೇ ಸಲ ಬಳಸುವಂಥದ್ದು. ಸ್ಥಾವರದಲ್ಲಿ ಯಂತ್ರ ಬಿಚ್ಚುವಾಗ ಒಳಗೆ ಹೋದ ಉಪಕರಣ ಎಣಿಸಿ ಹೊರಗೆ ಬಂದದ್ದನ್ನೂ ಎಣಿಸುವವರಿಗೆ ಅದು ರೂಢಿ. ಈ ಊರಿನವರಿಗೆ ನಿರ್ವಹಣೆ ಎಂಬುದರ ಬಗ್ಗೆ ಒಂದು ಗತ್ತು ಇದೆ, ಅದಕ್ಕೆ ಕಾರಣವೂ ಇದೆ. 220 ಮೆಗಾವಾಟಿನ ಕೈಗಾ ಒಂದನೇ ಘಟಕ 2016ರ ಮೇ 13ರಂದು ಶುರುವಾಗಿ 2018ರ ಡಿಸೆಂಬರ್ 31ರವರೆಗೆ, 962 ದಿನ ಎಡೆಬಿಡದೆ ಓಡಿತು. ಬ್ರಿಟನ್ನಿನ ಹೇಶಮ್ ಘಟಕದ 940 ದಿನದ ದಾಖಲೆ ಮುರಿಯಿತು. ಆ ಪಟ್ಟ ಆಮೇಲೆ ಕೆನಡಾದ ಡಾರ್ಲಿಂಗ್ಟನ್‌ಗೆ ಹೋಯಿತು. ಭಾರಜಲ ರಿಯಾಕ್ಟರಿಗೆ ಓಡುತ್ತಿರುವಾಗಲೇ ಇಂಧನ ತುಂಬಬಹುದಾದ್ದರಿಂದ ಇಷ್ಟು ದೀರ್ಘ ಓಟ ಸಾಧ್ಯ ಎಂಬುದು ನಿಜ. ಆದರೆ ಅದಕ್ಕೂ ಮುಂಚೆ ಶಟ್‌ಡೌನ್‌ನಲ್ಲಿ ಪಂಪು, ಬೇರಿಂಗು, ಸೀಲುಗಳನ್ನು ಒಂದೊಂದಾಗಿ ನೋಡಿದವರಿಲ್ಲದಿದ್ದರೆ ಆ ಓಟವೂ ಇಲ್ಲ. ಹೊತ್ತಿಗೆ ಸರಿಯಾಗಿ ಯಂತ್ರ ನಿಲ್ಲಿಸಿ ನೋಡುವುದೇ ಕಸುಬಾದವನು ಸ್ವಂತ ಕಾರನ್ನು ಮಾತ್ರ ಕರಕರ ಸದ್ದಿನಲ್ಲೇ ಓಡಿಸಿದನಲ್ಲ ಎಂದು ನಾನು ಛೇಡಿಸಿದೆ. ಅವನು ಉತ್ತರ ಕೊಡಲಿಲ್ಲ, ಟಾರ್ಚನ್ನು ನನ್ನ ಕೈಗೆ ಕೊಟ್ಟ.

ಬಾಗಿದ ವಾಲ್ವ್ ಇದೆಯೇ ಎಂದು ತಿಳಿಯುವುದು ಮೊದಲ ಕೆಲಸ, ಅದು ಅಂದುಕೊಂಡಷ್ಟು ನೇರವಲ್ಲ. ಟೈಮಿಂಗ್ ತಪ್ಪಿದ ಎಂಜಿನ್ನಿನಲ್ಲಿ ಕಂಪ್ರೆಷನ್ ಗೇಜ್ ಹಾಕಿದರೆ ಅದು ಸುಳ್ಳು ಹೇಳುತ್ತದೆ. ವಾಲ್ವ್ ಸರಿಯಿದ್ದರೂ ತಪ್ಪು ಹೊತ್ತಿಗೆ ತೆರೆದಿರುತ್ತದೆ. ಹಾಗಾಗಿ ಕವರ್ ಬಿಚ್ಚಿದ ಮೇಲೆ ಮೊದಲು ಕ್ರ್ಯಾಂಕನ್ನು ಕಾಲು ಸುತ್ತು ಸರಿಸಿ ನಾಲ್ಕೂ ಪಿಸ್ಟನ್‌ಗಳನ್ನು ಸಿಲಿಂಡರಿನ ಅರ್ಧಕ್ಕೆ ಇಳಿಸಬೇಕು. ಆಗ ಕ್ಯಾಮ್ ಎಲ್ಲಿಗೆ ತಿರುಗಿಸಿದರೂ ವಾಲ್ವ್ ಯಾವುದಕ್ಕೂ ತಾಗುವುದಿಲ್ಲ. ಕ್ಯಾಮ್‌ಗಳನ್ನು ಗುರುತಿಗೆ ತಂದು, ಕ್ರ್ಯಾಂಕನ್ನು ಮತ್ತೆ ಗುರುತಿಗೆ ತಂದು, ಹಳೆ ಚೈನನ್ನೇ ತಾತ್ಕಾಲಿಕವಾಗಿ ಕೂರಿಸಿ, ಆಮೇಲೆ ಪರೀಕ್ಷೆ.

ಪಂಕ್ಚರ್ ಅಂಗಡಿಯಿಂದ ಕಂಪ್ರೆಸರ್ ತಂದರು. ಪ್ಲಗ್ ತೂತಿನಿಂದ ಒಂದೊಂದೇ ಸಿಲಿಂಡರಿಗೆ ಗಾಳಿ ಬಿಟ್ಟು ಅದು ಎಲ್ಲಿಂದ ತಪ್ಪಿಸಿಕೊಳ್ಳುತ್ತದೆಂದು ಕೇಳುವುದು. ಗಾಳಿ ಫಿಲ್ಟರ್ ಕಡೆಯಿಂದ ಬುಸುಗುಟ್ಟಿದರೆ ಒಳವಾಲ್ವ್, ಸೈಲೆನ್ಸರಿನಿಂದ ಬಂದರೆ ಹೊರವಾಲ್ವ್, ಆಯಿಲ್ ಹೊಯ್ಯುವ ಬಾಯಿಂದ ಬಂದರೆ ರಿಂಗು, ರೇಡಿಯೇಟರಿನಲ್ಲಿ ಗುಳ್ಳೆಯೆದ್ದರೆ ಹೆಡ್ ಗ್ಯಾಸ್ಕೆಟ್. ಫೋನಿನಲ್ಲಿ ಎಚ್ಚರಿಸಿದ್ದ ಮೆಕ್ಯಾನಿಕ್ ಜೊತೆಗಿದ್ದರು, ಸೈಲೆನ್ಸರಿಗೆ ಕಿವಿಯಿಟ್ಟು ಕೂತರು. ಒಂದು, ಎರಡು ಸದ್ದಿಲ್ಲ. ಮೂರನೆಯದಕ್ಕೆ ಗಾಳಿ ಬಿಟ್ಟ ಕೂಡಲೇ ಕೈಯೆತ್ತಿ, “ಹೋಯ್ತು ಮಾರಾಯ, ಹೆಡ್ ಇಳಿಸ್ಬೇಕು” ಎಂದರು. ನಾಲ್ಕನೆಯದು ಸರಿಯಿತ್ತು. ಪ್ಲಗ್ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರೆ ಮೂರನೇ ಪಿಸ್ಟನ್ನಿನ ತಲೆಯ ಮೇಲೆ ಬಿದಿಗೆ ಚಂದ್ರನಾಕಾರದ ಹೊಳೆಯುವ ಗೀರು. ವಾಲ್ವ್ ಬಡಿದ ಜಾಗ. ಆಳವಿರಲಿಲ್ಲ, ಪಿಸ್ಟನ್ ಉಳಿದಿತ್ತು.

ಹೆಡ್ ಹುಬ್ಬಳ್ಳಿಯ ಗೋಕುಲ ರಸ್ತೆಯ ಲೇಥ್ ಅಂಗಡಿಯೊಂದಕ್ಕೆ ಹೋಗಿ ಬಂತು. ಬಾಗಿದ ವಾಲ್ವ್ ಬದಲಾಯಿತು, ಸೀಟಿಗೆ ಲ್ಯಾಪಿಂಗ್, ಮುಖಕ್ಕೆ ತೆಳು ಫೇಸಿಂಗ್. ಚೈನ್, ಟೆನ್ಷನರ್, ಗೈಡು, ಹೊಸ ಹೆಡ್ ಬೋಲ್ಟ್‌ಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದ. ಇಲ್ಲೊಂದು ಎಚ್ಚರ: ಟೆನ್ಷನರಿನಲ್ಲಿ ನಕಲಿ ಮಾಲಿಗೆ ಬರವಿಲ್ಲ, ಡಬ್ಬಿಯೂ ಹೊಲೊಗ್ರಾಮೂ ಅಸಲಿಯಂತೆಯೇ ಇರುತ್ತವೆ. ಚೈನ್ ಮಾತ್ರ ಹಾಕಿ ಹಳೆ ಗೈಡು ಉಳಿಸಿದರೆ ದುಡ್ಡು ಉಳಿಯುತ್ತದೆ ಎನ್ನುವವರ ಮಾತಿಗೂ ಕಿವಿಗೊಡಬಾರದು.

ಹಳೆ ಗೈಡು ಏನಾಗಿತ್ತೆಂದು ಕೆಳಗಿನ ಚೇಂಬರ್ ಬಿಚ್ಚಿದಾಗ ಕಂಡಿತು. ಆಯಿಲ್ ಹೀರುವ ಜಾಲರಿಯ ಬಾಯಿಗೆ ಕಂದು ಬಣ್ಣದ ಪ್ಲಾಸ್ಟಿಕ್ ಚೂರುಗಳು ಮೆತ್ತಿಕೊಂಡಿದ್ದವು. ಉಗುರಿನಷ್ಟು ದೊಡ್ಡದು ಒಂದು, ಉಳಿದವು ಅಕ್ಕಿನುಚ್ಚಿನಷ್ಟು. ಒತ್ತಿದರೆ ಬಿಸ್ಕೀಟಿನ ಹಾಗೆ ಪುಡಿಯಾದವು. ಜಾಲರಿ ಕಟ್ಟಿದರೆ ಆಯಿಲ್ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಟೆನ್ಷನರ್ ಸಡಿಲ, ಟೆನ್ಷನರ್ ಸಡಿಲವಾದರೆ ಚೈನ್ ಗೈಡಿಗೆ ಬಡಿದು ಇನ್ನಷ್ಟು ಚೂರು. ಚೇಂಬರ್ ಬಿಚ್ಚದೆ ಚೈನ್ ಮಾತ್ರ ಬದಲಿಸಿ ಕೊಡುವ ಅಗ್ಗದ ರಿಪೇರಿ ವರ್ಷದೊಳಗೆ ಮತ್ತೆ ಅಂಗಡಿಗೇ ಬರುವುದು ಇದರಿಂದಲೇ ಇರಬೇಕು.

ಜೋಡಿಸುವಾಗ ಎರಡು ಕಡೆ ಕೈ ನಡುಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಕ್ರ್ಯಾಂಕಿನ ಹಲ್ಲುಚಕ್ರವನ್ನು ಹಿಡಿದಿರುವುದೇ ಪುಲ್ಲಿಯ ನಡುಬೋಲ್ಟು. ಅದನ್ನು 150 ನ್ಯೂಟನ್ ಮೀಟರಿಗೆ ಬಿಗಿದು ಅಲ್ಲಿಂದ ಮುಂದೆ ಕಾಲು ಸುತ್ತು ಎಳೆಯಬೇಕೆಂಬಂಥ ಸೂಚನೆಗಳಿರುತ್ತವೆ. ಆ ಕಾಲು ಸುತ್ತಿನಲ್ಲಿ ಬೋಲ್ಟು ರವಷ್ಟು ಹಿಗ್ಗಿ ಸ್ಪ್ರಿಂಗಿನಂತೆ ಹಿಡಿಯುತ್ತದೆ. ಅದಕ್ಕೇ ಎರಡನೇ ಸಲ ಬಳಸುವಂತಿಲ್ಲ. ಉದ್ದನೆಯ ಪೈಪ್ ಹಾಕಿ ಅಂದಾಜಿನಲ್ಲಿ ಎಳೆಯುವ ಗಂಡಸುತನಕ್ಕೆ ಇಲ್ಲಿ ಜಾಗವಿಲ್ಲ, ಟಾರ್ಕ್ ರೆಂಚೇ ಬೇಕು.

ಎರಡನೆಯದು ಬಣ್ಣದ ಕೊಂಡಿ. ಹೊಸ ಚೈನಿನಲ್ಲಿ ಕೆಲವು ಕೊಂಡಿಗಳಿಗೆ ಬೇರೆ ಬಣ್ಣವಿರುತ್ತದೆ. ಅವನ್ನು ಹಲ್ಲುಚಕ್ರಗಳ ಗುರುತಿಗೆ ಸರಿಯಾಗಿ ಕೂರಿಸಬೇಕು. ಕೂರಿಸಿದ. ಪ್ಲಗ್ ತೆಗೆದಿಟ್ಟು, ಪಾನಾದಿಂದ ಕೈಯಲ್ಲೇ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿದ. ಎಲ್ಲೂ ತಡೆಯಲಿಲ್ಲ. ಆದರೆ ಬಣ್ಣದ ಕೊಂಡಿಗಳು ಗುರುತಿನಿಂದ ಎಲ್ಲೋ ದೂರ ನಿಂತಿದ್ದವು. ಅವನ ಮುಖ ಬಾಡಿತು. “ಅಣ್ಣಾ, ಮತ್ತೆ ಹಾರಿತಾ?”

ಮೆಕ್ಯಾನಿಕ್ ನಕ್ಕರು. “ಆ ಬಣ್ಣ ಮೊದಲನೇ ಸಲ ಕೂರಿಸೂಕೆ ಮಾತ್ರ, ತಮಾ. ಈಗ ಅದನ್ನ ನೋಡಬೇಡ. ಚಕ್ರದ ಗುರುತು ನೋಡು.”

ಚಕ್ರದ ಗುರುತುಗಳು ನೆಟ್ಟಗಿದ್ದವು. ಚೈನಿನ ಕೊಂಡಿಗಳ ಸಂಖ್ಯೆಯೂ ಚಕ್ರದ ಹಲ್ಲುಗಳ ಸಂಖ್ಯೆಯೂ ಸಲೀಸಾಗಿ ಭಾಗವಾಗದಂತೆ ಇಟ್ಟಿರುತ್ತಾರೆ, ಅದೇ ಹಲ್ಲಿಗೆ ಅದೇ ಕೊಂಡಿ ಮತ್ತೆ ಮತ್ತೆ ಬಿದ್ದು ಒಂದೇ ಕಡೆ ಸವೆಯದಿರಲಿ ಎಂದು. ಬಣ್ಣ ಮತ್ತೆ ಗುರುತಿಗೆ ಬರಬೇಕೆಂದರೆ ಹತ್ತಾರು ಸುತ್ತು ತಿರುಗಿಸಬೇಕು. ಗೊತ್ತಿಲ್ಲದೆ ಈ ಹಂತದಲ್ಲಿ ಎಲ್ಲ ಬಿಚ್ಚಿ ಮತ್ತೆ ಶುರುಮಾಡುವವರಿದ್ದಾರಂತೆ.

ಕವರಿಗೆ ಹಚ್ಚುವ ಸಿಲಿಕಾನ್ ಅಂಟು ಗಾಳಿಯ ತೇವದಿಂದ ಗಟ್ಟಿಯಾಗುವಂಥದ್ದು. ಕಾಳಿ ಕಣಿವೆಯ ಹವೆಯಲ್ಲಿ ಅದು ಬೇಗ ಕೆನೆಗಟ್ಟುತ್ತದೆ. ಹಚ್ಚಿ ಬೀಡಿ ಹಚ್ಚಿಕೊಂಡು ಬರುವಷ್ಟು ಪುರುಸೊತ್ತಿಲ್ಲ. ಹಚ್ಚಿದ ಕೈಯಲ್ಲೇ ಕವರ್ ಕೂರಿಸಬೇಕು. ಹೊಸ ಆಯಿಲ್ ಹೊಯ್ದು, ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ಹೊತ್ತದಂತೆ ಸೆಲ್ಫಿನಲ್ಲೇ ತಿರುಗಿಸಿದರು, ಟೆನ್ಷನರಿಗೆ ಆಯಿಲ್ ತುಂಬುವ ತನಕ. ಆಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್. ಒಮ್ಮೆ ಕಟಕಟ ಎಂದಿತು, ನಿಂತಿತು, ಎಂಜಿನ್ ಓಡುತ್ತಲೇ ಇತ್ತು. ಸ್ಕ್ಯಾನರಿನಲ್ಲಿ ಕೋಡ್ ಬರಲಿಲ್ಲ. ಮೆಕ್ಯಾನಿಕ್ ಕೂಲಿ ಎಂದು ತೆಗೆದುಕೊಂಡದ್ದು ಕಡಿಮೆಯೇ. ಹಳೆ ಆಯಿಲನ್ನು ಮಾತ್ರ ಕ್ಯಾನಿಗೆ ತುಂಬಿಸಿ ತಾವೇ ಒಯ್ದರು, ಚರಂಡಿಗೆ ಬಿಟ್ಟರೆ ಹೊಳೆಗೇ ಹೋಗುವುದು ಎನ್ನುತ್ತ.

ಒಟ್ಟು ಖರ್ಚು ವರ್ಕ್‌ಶಾಪಿನ ಅಂದಾಜಿನ ಮೂರನೇ ಒಂದಕ್ಕಿಂತ ತುಸು ಹೆಚ್ಚಾಯಿತು, ಕೊಂಡ ಉಪಕರಣಗಳನ್ನೂ ಸೇರಿಸಿ. ಅವನ ರಜೆ, ಅವನ ಹೆಂಡತಿಯ ಸಹನೆ ಆ ಲೆಕ್ಕದಲ್ಲಿಲ್ಲ. ನನ್ನನ್ನು ಕೇಳಿದರೆ, ಹೆಡ್ ಇಳಿಸುವ ತನಕ ಹೋಗುವ ಕೆಲಸವನ್ನು ಪಕ್ಕದಲ್ಲಿ ಕೈತಿಳಿದವರಿಲ್ಲದೆ ಯಾರೂ ಮಾಡಬಾರದು. ಚೈನ್ ಹಾರುವ ಮೊದಲೇ, ಸದ್ದು ಕೇಳಿದ ತಿಂಗಳಲ್ಲೇ ಟೆನ್ಷನರ್ ಬದಲಿಸುವುದಾದರೆ ತಾಳ್ಮೆಯಿರುವ ಯಾರಾದರೂ ಮಾಡಬಹುದು. ಎರಡರ ನಡುವಿನ ಖರ್ಚಿನ ಅಂತರ ಕೇಳಿದರೆ ಬೆಳಗಿನ ಸದ್ದಿಗೆ ಕಿವಿ ಕೊಡಲು ಮನಸ್ಸಾಗುತ್ತದೆ.

ಈಗ ಅವನು 15,000 ಕಿ.ಮೀ. ಎಂಬ ಪುಸ್ತಕದ ಮಾತು ಬಿಟ್ಟು ಅದರ ಅರ್ಧಕ್ಕೇ ಆಯಿಲ್ ಬದಲಿಸುತ್ತಾನೆ. ತೆಗೆದ ಫಿಲ್ಟರನ್ನು ಎಸೆಯದೆ ಕತ್ತರಿಸಿ, ಮಡಿಕೆ ಬಿಡಿಸಿ, ಬಿಸಿಲಿಗೆ ಹಿಡಿದು ನೋಡುತ್ತಾನೆ. ರಿಪೇರಿಯಾದ ಮೇಲಿನ ಮೊದಲ ಫಿಲ್ಟರಿನಲ್ಲಿ ಕಂದು ನುಚ್ಚು ಇನ್ನೂ ಸ್ವಲ್ಪ ಇತ್ತು. ಅದರ ನಂತರದ್ದರಲ್ಲಿ ಇರಲಿಲ್ಲ. ಘಟ್ಟದಲ್ಲಿ ನಿಲ್ಲಿಸುವಾಗ ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ಕಾರಿನ ಭಾರ ಬ್ರೇಕಿನ ಮೇಲೆ ಕೂತ ಮೇಲೆ ಗೇರ್ ಹಾಕುತ್ತಾನೆ. ಪಕ್ಕದಲ್ಲಿ ಕೂತವರು ಯಾಕೆಂದು ಕೇಳಿದರೆ ಮುಕ್ಕಾಲು ಗಂಟೆ ವಿವರಿಸುತ್ತಾನೆ.